ಮೇಣಕ್ಕೆ ಕಂಪು ಬಂದ ಬಗೆ

ಕನ್ನಡದಲ್ಲಿ ‘ಬತ್ತಿ’ ಎಂಬ ಮಾತು ಎರಡು ಮನೆಗಳಲ್ಲಿ ಬಾಳುತ್ತಿದೆ. ದೀಪದ ಬತ್ತಿ, ಮೇಣದ ಬತ್ತಿ ಎನ್ನುವಾಗ ಅದು ಬೆಳಕಿನ ಮನೆಯದು. ಊದುಬತ್ತಿ ಎನ್ನುವಾಗ ಪರಿಮಳದ ಮನೆಯದು. ಮೂಲ ಎರಡಕ್ಕೂ ಒಂದೇ, ಸಂಸ್ಕೃತದ ‘ವರ್ತಿ’. ಊದುಬತ್ತಿಯ ಪೂರ್ವಾರ್ಧ ಅರಬ್ಬಿಯ ‘ಊದ್’, ಎಂದರೆ ಅಗರು. ಉತ್ತರ ಕರ್ನಾಟಕದ ಜನ ಆಡುವ ‘ಮೊಂಬತ್ತಿ’ಯ ಪೂರ್ವಾರ್ಧ ಪಾರಸಿಯ ‘ಮೋಮ್’, ಎಂದರೆ ಮೇಣ. ಹೀಗೆ ಹೊರಗಿನಿಂದ ಬಂದ ಎರಡು ಪದಗಳು ಒಂದೇ ಬತ್ತಿಯ ಕೈಹಿಡಿದರೂ ಒಂದರ ಕೆಲಸಕ್ಕೆ ಇನ್ನೊಂದು ಕೈಹಾಕಿದ್ದಿಲ್ಲ. ಮೇಣದ ಬತ್ತಿ ಬೆಳಗುತ್ತಿತ್ತು, ಊದುಬತ್ತಿ ಕಂಪು ಬೀರುತ್ತಿತ್ತು.

ಈಗ ಪೇಟೆಯಲ್ಲಿ ಗಾಜಿನ ಲೋಟಗಳಲ್ಲಿ ಹೆಪ್ಪುಗಟ್ಟಿಸಿ ಮಾರುವ ಪರಿಮಳದ ಮೇಣದ ಬತ್ತಿ ಈ ಎರಡು ಮನೆಗಳ ನಡುವಣ ಗೋಡೆಯನ್ನು ಒಡೆದಿದೆ. ಅದನ್ನು ಮನೆಯಲ್ಲಿಯೇ ಮಾಡುವವರೂ ನಗರಗಳಲ್ಲಿ ಹೆಚ್ಚಿದ್ದಾರೆ. ಇದೊಂದು ಪುರಾತನ ಕಲೆಯೆಂದು ಹೇಳುವುದು ವಾಡಿಕೆಯಾಗಿದೆ. ನನಗೆ ಆ ಮಾತು ಪೂರ್ತಿಯಾಗಿ ಒಪ್ಪಿಗೆಯಿಲ್ಲ. ಪರಿಮಳದ ಕಲೆ ಪುರಾತನವಾದುದು ನಿಜ, ಮೇಣದ ಕಲೆಯೂ ಪುರಾತನವೇ. ಆದರೆ ಎರಡೂ ಕೂಡಬೇಕಾದರೆ ಮೊದಲು ಬತ್ತಿಯ ಮೈಯಲ್ಲಿದ್ದ ದುರ್ನಾತ ಹೋಗಬೇಕಾಗಿತ್ತು. ಅದನ್ನು ಕಳೆಯುವುದಕ್ಕೆ ಮನುಷ್ಯ ಪಟ್ಟ ಪಾಡಿನ ಮುಂದೆ ಕಂಪು ಸೇರಿಸುವ ಕೆಲಸ ಏನೇನೂ ಅಲ್ಲ. ಆ ಪಾಡಿನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕೆಂದಿದ್ದೇನೆ.

ಮೊದಲು ನಮ್ಮ ಕಡೆಯ ಮಾತು. ಕ್ರಿ. ಶ. 1025ರ ಸುಮಾರಿನಲ್ಲಿ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ‘ಲೋಕೋಪಕಾರ’ವನ್ನು ಬರೆದ. ಬಾವಿ ತೋಡುವುದು, ಗಿಡ ಬೆಳೆಸುವುದು, ಅಡುಗೆ, ಔಷಧ ಮುಂತಾದ ಸಂಸಾರಕ್ಕೆ ಬೇಕಾದ ವಿದ್ಯೆಗಳ ನಡುವೆ ಸುಗಂಧದ್ರವ್ಯಗಳ ತಯಾರಿಕೆಗೂ ಅವನು ಸ್ಥಳ ಕೊಟ್ಟಿದ್ದಾನೆ. ಅದಕ್ಕೆ ನೂರು ವರ್ಷಗಳ ತರುವಾಯ, 1130ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಬಂತು. ಅದರಲ್ಲಿ ದೊರೆಯ ಭೋಗಗಳ ಪೈಕಿ ಧೂಪವೂ ಒಂದು. ಪುಡಿಯಾಗಿ, ಉಂಡೆಯಾಗಿ, ಬತ್ತಿಯಾಗಿ ಧೂಪವನ್ನು ಸಿದ್ಧಪಡಿಸುವ ಕ್ರಮವಿದೆ. ಅದೇ ಗ್ರಂಥದಲ್ಲಿ ಮೇಣವೂ ಬರುತ್ತದೆ. ಆದರೆ ಅಲ್ಲಿ ಮೇಣಕ್ಕೆ ಕೆಲಸ ಬೇರೆ: ಲೋಹದ ವಿಗ್ರಹವನ್ನು ಎರಕ ಹೊಯ್ಯುವುದಕ್ಕೆ ಮೊದಲು ಮೇಣದಲ್ಲಿ ವಿಗ್ರಹ ಮಾಡಿ, ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹರಿದುಹೋದ ಜಾಗಕ್ಕೆ ಲೋಹವನ್ನು ಸುರಿಯಬೇಕು. ಸಂಸ್ಕೃತದಲ್ಲಿ ಮೇಣಕ್ಕೆ ‘ಮಧೂಚ್ಛಿಷ್ಟ’ವೆಂದು ಹೆಸರು, ಜೇನು ತೆಗೆದ ಮೇಲೆ ಉಳಿದ ಎಂಜಲು ಎಂದರ್ಥ. ಆ ಎಂಜಲು ನಮ್ಮಲ್ಲಿ ದೇವರ ಅಚ್ಚಾಯಿತು. ಬೆಳಕಿಗೆ ಎಳ್ಳು, ಹರಳು, ಹೊಂಗೆ, ಹಿಪ್ಪೆಗಳ ಎಣ್ಣೆಯಿತ್ತು. ಸೆಕೆಯ ನಾಡಿನಲ್ಲಿ ಎಣ್ಣೆ ತಾನೇ ಹರಿಯುತ್ತದೆ, ಹಣತೆಯಲ್ಲಿ ಸುರಿದು ಬತ್ತಿ ಹೊಸೆದರೆ ಮುಗಿಯಿತು; ಗಟ್ಟಿ ಕೊಬ್ಬನ್ನು ಕಂಬ ಮಾಡಿ ನಿಲ್ಲಿಸುವ ಕಷ್ಟ ಯಾರಿಗೆ ಬೇಕು?

ನಮ್ಮವರು ಕಂಪನ್ನು ಬೆಸೆದದ್ದು ಆ ಎಣ್ಣೆಗೆ. ಎಳ್ಳನ್ನೂ ಮಲ್ಲಿಗೆಯನ್ನೂ ಪದರಪದರವಾಗಿ ಹರಡಿ, ಹೂ ಬಾಡಿದಂತೆ ಹೊಸ ಹೂ ಹಾಕಿ, ಎಳ್ಳು ಕಂಪನ್ನು ಕುಡಿದ ಮೇಲೆ ಗಾಣಕ್ಕೆ ಕೊಡುವ ಪದ್ಧತಿ ಉತ್ತರದ ಜೌನಪುರ, ಗಾಜೀಪುರಗಳಲ್ಲಿ ಬಹುಕಾಲ ನಡೆದಿತ್ತು. ಪರಿಮಳದ ಗುಟ್ಟೆಲ್ಲ ಇಲ್ಲಿದೆ. ಹೂವಿನ ಕಂಪು ನೀರಿಗಿಂತ ಜಿಡ್ಡನ್ನು ಹೆಚ್ಚು ನೆಚ್ಚುತ್ತದೆ. ಜಿಡ್ಡು ಎಲ್ಲಿದೆಯೋ ಅಲ್ಲಿ ಹೋಗಿ ನೆಲೆಸುತ್ತದೆ. ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ಗಂಧಯುಕ್ತಿಯೆಂಬ ಅಧ್ಯಾಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಮಂಜಿಷ್ಠ, ಲವಂಗದ ಚಕ್ಕೆಯಂಥ ತೊಗಟೆ, ಕೋಷ್ಠ ಮುಂತಾದವುಗಳ ಪುಡಿಯನ್ನು ಎಳ್ಳೆಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಅದು ‘ಚಂಪಕಗಂಧಿ’ಯಾದ ತೈಲವಾಗುತ್ತದೆಂದು ಹೇಳಿದ್ದಾನೆ. ಗಮನಿಸಬೇಕಾದ ಅಂಶವೇನೆಂದರೆ, ಅದರಲ್ಲಿ ಸಂಪಿಗೆಯ ಒಂದು ದಳವೂ ಇಲ್ಲ! ಹದಿನಾರು ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿಕೊಂಡರೆ ಎಷ್ಟು ಬಗೆಯ ಸುಗಂಧಗಳಾದಾವೆಂದು ಅವನು ಲೆಕ್ಕ ಹಾಕಿ 1820 ಎಂಬ ಉತ್ತರ ಕೊಟ್ಟಿದ್ದನ್ನು ಗಣಿತಜ್ಞರು ಇಂದಿಗೂ ಮೆಚ್ಚುತ್ತಾರೆ. ಮೆಚ್ಚಲಿ; ನನಗಂತೂ ಸಂಪಿಗೆಯಿಲ್ಲದ ಸಂಪಿಗೆಯ ಎಣ್ಣೆಯೇ ಹೆಚ್ಚು ಬೆರಗನ್ನುಂಟುಮಾಡುತ್ತದೆ. ಆ ಮಾತಿಗೆ ಮುಂದೆ ಬರುತ್ತೇನೆ.

ಮೇಣದ ಬತ್ತಿ ಭಾರತಕ್ಕೆ ಅಪರಿಚಿತವಾಗಿತ್ತೆಂದು ಮಾತ್ರ ತಿಳಿಯಬಾರದು. ಅಕ್ಬರನ ಆಸ್ಥಾನದಲ್ಲಿ ಹೊತ್ತು ಮುಳುಗಿದಾಗ ಚಿನ್ನ ಬೆಳ್ಳಿಗಳ 12 ದೀಪಸ್ತಂಭಗಳ ಮೇಲೆ 12 ‘ಕಾಫೂರಿ’ ಬತ್ತಿಗಳನ್ನು ಹೊತ್ತಿಸಿ ಬಾದಶಹನ ಮುಂದೆ ತರುತ್ತಿದ್ದರೆಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದ್ದಾನೆ. ಕಾಫೂರಿ ಎಂದರೆ ಕರ್ಪೂರದ್ದು ಎಂದೂ ಆಗಬಹುದು, ಕರ್ಪೂರದಂತೆ ಬೆಳ್ಳಗಿರುವುದು ಎಂದೂ ಆಗಬಹುದು. ಅದು ದೊರೆಯ ಮನೆಯ ಮಾತು. ಮೇಣದ ಬತ್ತಿಯನ್ನು ಹೊತ್ತಿಸದೆ ಗತಿಯಿಲ್ಲವೆಂಬ ಸ್ಥಿತಿ ಇದ್ದದ್ದು ಚಳಿಯ ದೇಶಗಳಲ್ಲಿ, ಅದರಲ್ಲಿಯೂ ಇಂಗ್ಲೆಂಡು, ಫ್ರಾನ್ಸುಗಳಲ್ಲಿ. ಕಥೆಯ ಮುಖ್ಯಭಾಗ ನಡೆದದ್ದು ಅಲ್ಲಿಯೇ.

ಆ ದೇಶಗಳ ಜನಸಾಮಾನ್ಯರ ಬತ್ತಿ ಮೇಣದ್ದಲ್ಲ, ಕೊಬ್ಬಿನದು. ಕುರಿ, ಎತ್ತುಗಳ ಕೊಬ್ಬನ್ನು ಕಟುಕನ ಅಂಗಡಿಯಿಂದ ತಂದು, ಕರಗಿಸಿ, ಅದರಲ್ಲಿ ನೂಲನ್ನು ಮತ್ತೆ ಮತ್ತೆ ಅದ್ದಿ ತೆಗೆದರೆ ಬತ್ತಿಯಾಗುತ್ತಿತ್ತು. ಕರಗಿಸುವಾಗ ನಾತ, ಉರಿಸುವಾಗ ನಾತ. ಆರಿಸಿದಾಗ ಬರುತ್ತಿದ್ದ ಹೊಗೆಯಂತೂ ಕಣ್ಣನ್ನು ಉರಿಸುತ್ತಿತ್ತು. ಒಗ್ಗರಣೆಗೆ ಇಟ್ಟ ಎಣ್ಣೆ ಮರೆತು ಸೀದುಹೋದಾಗ ಮನೆಯವರೆಲ್ಲ ಕೆಮ್ಮುವ ಆ ಘಾಟು ನಮಗೆ ಗೊತ್ತಿದೆಯಲ್ಲ, ಅದೇ ಇದು. ಜೇನುಮೇಣದ ಬತ್ತಿ ಹಾಗಲ್ಲ. ಅದು ಶುದ್ಧವಾಗಿ ಉರಿದು ಸಣ್ಣಗೆ ಜೇನಿನ ವಾಸನೆ ಸೂಸುತ್ತದೆ. ಆದರೆ ಅದರ ಬೆಲೆ ಚರ್ಚಿಗೂ ಸಿರಿವಂತರಿಗೂ ಮಾತ್ರ ನಿಲುಕುವಂಥದು. ಲಂಡನ್ನಿನಲ್ಲಿ ಕೊಬ್ಬಿನ ಬತ್ತಿ ಮಾಡುವವರದು ಒಂದು ಸಂಘ, ಮೇಣದ ಬತ್ತಿ ಮಾಡುವವರದು ಬೇರೊಂದು ಸಂಘ. ಮೊದಲನೆಯದಕ್ಕೆ 1462ರಲ್ಲಿ, ಎರಡನೆಯದಕ್ಕೆ 1484ರಲ್ಲಿ ರಾಜರ ಸನ್ನದು ದೊರೆಯಿತು. ಕತ್ತಲಾದ ಮೇಲೆ ಒಂದು ಮನೆಯ ಬಾಗಿಲಲ್ಲಿ ನಿಂತರೆ ಅಲ್ಲಿಯ ವಾಸನೆಯೇ ಆ ಮನೆಯ ವರಮಾನವನ್ನು ಹೇಳುತ್ತಿತ್ತು.

ಇಷ್ಟು ಸಾಲದೆಂಬಂತೆ ಸರಕಾರ ಬೆಳಕಿನ ಮೇಲೆ ಕಣ್ಣು ಹಾಕಿತು. 1709ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಬತ್ತಿಗಳ ಮೇಲೆ ತೆರಿಗೆ ಹೇರಿ, ಲೈಸೆನ್ಸು ಪಡೆದು ತೆರಿಗೆ ತೆರದೆ ಮನೆಯಲ್ಲಿ ಬತ್ತಿ ಮಾಡಿಕೊಳ್ಳುವುದನ್ನು ಅಪರಾಧವಾಗಿಸಿತು. ಈ ಕಾನೂನು ರದ್ದಾದದ್ದು 1831ರಲ್ಲಿ. ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿ ತನ್ನ ಒಲೆಯ ಮೇಲೆ ತನ್ನ ಬತ್ತಿಯನ್ನು ತಾನು ಮಾಡಿಕೊಂಡ ಗೃಹಿಣಿ ಕಾನೂನಿನ ಕಣ್ಣಿಗೆ ಕಳ್ಳಿ! ನಮ್ಮ ಉಪ್ಪಿನ ಕಾಯಿದೆಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು. ಆ ಜಾಣತನವನ್ನು ಅವರು ಮೊದಲು ತಮ್ಮ ಜನರ ಮೇಲೆಯೇ ಪ್ರಯೋಗಿಸಿದ್ದರೆಂಬುದಷ್ಟೆ ಸ್ವಾರಸ್ಯ.

ಬಡವರಿಗೆ ಉಳಿದ ದಾರಿ ಜೊಂಡಿನ ಬತ್ತಿ. ಅದಕ್ಕೆ ತೆರಿಗೆಯಿರಲಿಲ್ಲ. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1775ರಲ್ಲಿ ಬರೆದ ಒಂದು ಪತ್ರದಲ್ಲಿ ಇದರ ವಿವರವಿದೆ. ಅವನ ಪುಸ್ತಕ ಅಚ್ಚಾದದ್ದು 1789ರಲ್ಲಿ. ಜೊಂಡನ್ನು ಸುಲಿದು, ಒಳಗಿನ ಬೆಂಡಿಗೆ ಆಧಾರವಾಗಿ ಸಿಪ್ಪೆಯ ಒಂದೇ ಒಂದು ಎಳೆ ಬಿಟ್ಟು, ಒಣಗಿಸಿ, ಕಾಸಿದ ಕೊಬ್ಬಿನಲ್ಲಿ ಎಳೆಯಬೇಕು. ಒಂದು ಪೌಂಡು ಒಣ ಜೊಂಡಿನಲ್ಲಿ 1600 ಕಡ್ಡಿಗಳಿರುತ್ತವೆಂದು ಅವನು ಎಣಿಸಿದ್ದಾನೆ. ಅದಕ್ಕೆ 6 ಪೌಂಡು ಕೊಬ್ಬು. ಕಡ್ಡಿಯೊಂದಕ್ಕೆ ಅರ್ಧ ಗಂಟೆಯಂತೆ ಲೆಕ್ಕ ಹಿಡಿದರೂ 3 ಷಿಲ್ಲಿಂಗಿಗೆ 800 ಗಂಟೆಗಳ ಬೆಳಕು. ಜಾಣ ಗೃಹಿಣಿಗೆ ಕೊಬ್ಬಿಗೂ ಕಾಸು ಬೇಡ; ಮಾಂಸ ಬೇಯಿಸಿದ ಪಾತ್ರೆಯ ಮೇಲಿನ ಜಿಡ್ಡನ್ನೇ ತೆಗೆದಿಟ್ಟುಕೊಳ್ಳುತ್ತಿದ್ದಳು. ಸ್ವಲ್ಪ ಜೇನುಮೇಣ ಬೆರಸಿದರೆ ಬತ್ತಿ ಗಟ್ಟಿಯಾಗಿ ಹೆಚ್ಚು ಹೊತ್ತು ಉರಿಯುತ್ತದೆಂಬ ಸೂಚನೆಯನ್ನೂ ವೈಟ್ ಕೊಡುತ್ತಾನೆ. ಪಾದ್ರಿಯ ಕೈಯಲ್ಲಿ ಗೃಹಕೃತ್ಯದ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಬರುವುದನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಇದೇ ಕಾಲದಲ್ಲಿ ಕಡಲಾಚೆ ಅಮೆರಿಕದ ವಸಾಹತುಗಳಲ್ಲಿ ಒಂದು ವಿಶೇಷ ಕಂಡುಬಂತು. ಅಲ್ಲಿಯ ಕರಾವಳಿಯಲ್ಲಿ ‘ಬೇಬೆರಿ’ ಎಂಬ ಪೊದೆ ಬೆಳೆಯುತ್ತದೆ. ಅದರ ಬೂದುಬಣ್ಣದ ಸಣ್ಣ ಕಾಯಿಗಳನ್ನು ನೀರಿನಲ್ಲಿ ಕುದಿಸಿದರೆ ಹಸುರು ಛಾಯೆಯ ಮೇಣ ತೇಲುತ್ತದೆ. ಅದರ ಬತ್ತಿ ಹುಟ್ಟಿನಿಂದಲೇ ಸುವಾಸಿನಿ. ವರ್ಜೀನಿಯದ ಇತಿಹಾಸವನ್ನು 1705ರಲ್ಲಿ ಪ್ರಕಟಿಸಿದ ರಾಬರ್ಟ್ ಬೆವರ್ಲಿ ಒಂದು ಸಂಗತಿ ಹೇಳುತ್ತಾನೆ: ಕೊಬ್ಬಿನ ಬತ್ತಿ ಆರಿದರೆ ಮೂಗು ಮುಚ್ಚಿಕೊಳ್ಳಬೇಕು, ಈ ಬತ್ತಿ ಆರಿದರೆ ಕೋಣೆಯೆಲ್ಲ ಘಮಘಮಿಸುತ್ತದೆ, ಆದುದರಿಂದ ರಸಿಕರಾದವರು ಅದನ್ನು ಬೇಕೆಂದೇ ಆರಿಸುವುದುಂಟು. ಬೆಳಕಿಗಾಗಿ ಮಾಡಿದ ಬತ್ತಿಯನ್ನು ವಾಸನೆಗಾಗಿ ಆರಿಸಿದ ಈ ಜನರೇ ನನ್ನ ದೃಷ್ಟಿಯಲ್ಲಿ ಇಂದಿನ ಪರಿಮಳದ ಬತ್ತಿಯ ಮೂಲಪುರುಷರು. ಆದರೆ ಒಂದು ಬತ್ತಿಗೆ ರಾಶಿ ಕಾಯಿ ಬೇಕು. ಹೀಗಾಗಿ ಅದು ದೊಡ್ಡ ವ್ಯಾಪಾರವಾಗಿ ಬೆಳೆಯಲಿಲ್ಲ.

ಬೆಳೆದದ್ದು ತಿಮಿಂಗಿಲದ ವ್ಯಾಪಾರ. ಎಣ್ಣೆತಿಮಿಂಗಿಲದ ಭಾರಿ ತಲೆಯೊಳಗೆ ನೂರಾರು ಗ್ಯಾಲನ್ನು ಮೇಣದಂಥ ದ್ರವವಿರುತ್ತದೆ. ಅದನ್ನು ತಣಿಸಿ ಹಿಂಡಿ ಮಾಡಿದ ಬತ್ತಿ ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಪೇಟೆಗೆ ಬಂತು. ಬಿಳುಪು, ಗಟ್ಟಿ, ಬೇಸಿಗೆಯಲ್ಲಿಯೂ ಬಾಗದು; ಎಲ್ಲಕ್ಕಿಂತ ಮಿಗಿಲಾಗಿ, ವಾಸನೆಯಿಲ್ಲ. ಈ ಬತ್ತಿ ಎಷ್ಟು ನೆಚ್ಚಿಗೆಯದಾಯಿತೆಂದರೆ 1860ರಲ್ಲಿ ಇಂಗ್ಲೆಂಡಿನಲ್ಲಿ ಬೆಳಕನ್ನು ಅಳೆಯುವುದಕ್ಕೆ ಇದನ್ನೇ ಮಾನವಾಗಿ ಇಟ್ಟುಕೊಂಡರು. ಪೌಂಡಿಗೆ ಆರರಂತೆ ತೂಗುವ, ಗಂಟೆಗೆ 120 ಗ್ರೇನು ಉರಿಯುವ ಒಂದು ತಿಮಿಂಗಿಲ ಬತ್ತಿಯ ಬೆಳಕೇ ಒಂದು ‘ಕ್ಯಾಂಡಲ್ ಪವರ್’. ನಾಂಟಕೆಟ್, ನ್ಯೂ ಬೆಡ್‌ಫರ್ಡ್ ಬಂದರುಗಳ ಹಡಗುಗಳು ಇದಕ್ಕಾಗಿ ಪೆಸಿಫಿಕ್ ಸಾಗರದವರೆಗೂ ಹೋಗಿ ವರ್ಷಗಟ್ಟಲೆ ಬೇಟೆಯಾಡಿದವು. ದಿವಾನಖಾನೆಯಲ್ಲಿ ನಾತ ಬಾರದಿರಲೆಂದು ಕಡಲಿನ ಒಂದು ಜೀವಕುಲವೇ ತಲೆ ಕೊಡಬೇಕಾಯಿತು. ವ್ಯಾಪಾರಕ್ಕಾಗಿ ತಿಮಿಂಗಿಲವನ್ನು ಕೊಲ್ಲುವುದನ್ನು ನಿಲ್ಲಿಸಬೇಕೆಂದು ಅಂತರರಾಷ್ಟ್ರೀಯ ಆಯೋಗ ನಿರ್ಣಯಿಸಿದ್ದು 1982ರಲ್ಲಿ. ಅದು ಜಾರಿಗೆ ಬಂದದ್ದು 1986ರಲ್ಲಿ. ಆ ಹೊತ್ತಿಗೆ ತಿಮಿಂಗಿಲದ ಬತ್ತಿಯನ್ನು ಜಗತ್ತು ಮರೆತು ಬಹುಕಾಲವಾಗಿತ್ತು.

ಕೊಬ್ಬು ಏಕೆ ನಾರುತ್ತದೆಂಬುದನ್ನು ಪತ್ತೆಹಚ್ಚಲು ದಾರಿ ಮಾಡಿಕೊಟ್ಟವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್. 1786ರಲ್ಲಿ ಹುಟ್ಟಿ 1889ರವರೆಗೆ, ನೂರು ತುಂಬಿದ ಮೇಲೂ ಬದುಕಿದ್ದ ಮಹನೀಯನೀತ. ಕೊಬ್ಬು ಒಂದು ವಸ್ತುವಲ್ಲ, ಗ್ಲಿಸರಿನ್ ಎಂಬ ಸಿಹಿಯಾದ ದ್ರವಕ್ಕೆ ಆಮ್ಲಗಳು ಅಂಟಿಕೊಂಡು ಆದದ್ದು ಎಂದು 1823ರ ತನ್ನ ಗ್ರಂಥದಲ್ಲಿ ಅವನು ತೋರಿಸಿಕೊಟ್ಟ. ಕಣ್ಣು ಉರಿಸುವ ಘಾಟು ಹುಟ್ಟುವುದು ಗ್ಲಿಸರಿನ್ ಸೀದಾಗ. ಅದನ್ನು ಬೇರ್ಪಡಿಸಿ ಗಟ್ಟಿಯಾದ ಆಮ್ಲವನ್ನಷ್ಟೆ ಉಳಿಸಿಕೊಂಡರೆ ‘ಸ್ಟಿಯರಿನ್’ ಬತ್ತಿ. 1825ರಲ್ಲಿ ಷೆವ್ರಲ್ ತನ್ನ ಮಿತ್ರ ಗೇ-ಲುಸಾಕ್‌ನೊಡನೆ ಪೇಟೆಂಟು ಪಡೆದರೂ ವ್ಯಾಪಾರ ಕೈಗೂಡಲಿಲ್ಲ. 1831ರಲ್ಲಿ ಡಿ ಮಿಲ್ಲಿಯೆಂಬವನು ಸುಣ್ಣದಿಂದ ಆ ಕೆಲಸವನ್ನು ಸುಲಭಗೊಳಿಸಿ ಪ್ಯಾರಿಸಿನಲ್ಲಿ ಕಾರ್ಖಾನೆ ನಡೆಸಿದ. ಹಸಿದ ಹೊಟ್ಟೆಯ ಕೂಲಿಗಾರನೂ ನಾತವಿಲ್ಲದ ಬೆಳಕಿನಲ್ಲಿ ಕುಳಿತುಕೊಳ್ಳುವ ದಿನ ಹತ್ತಿರವಾದದ್ದು ಹೀಗೆ.

ಬಳಿಕ ಬಂದದ್ದು ಪ್ಯಾರಾಫಿನ್. 1830ರಲ್ಲಿ ರೈಖೆನ್‌ಬಾಖ್ ಎಂಬ ಜರ್ಮನ್ ವಿಜ್ಞಾನಿ ಮರದ ಟಾರಿನಿಂದ ಇದನ್ನು ಬೇರ್ಪಡಿಸಿದ. ಬೇರೆ ವಸ್ತುಗಳೊಡನೆ ರಾಸಾಯನಿಕವಾಗಿ ಕೂಡದ ಅದರ ಸ್ವಭಾವ ಕಂಡು, ‘ನಂಟು ಕಡಿಮೆ’ ಎಂಬರ್ಥದ ಲ್ಯಾಟಿನ್ ಮಾತುಗಳಿಂದ ಹೆಸರು ಕಟ್ಟಿದರು. ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ 1850ರಲ್ಲಿ ಕಲ್ಲಿದ್ದಲಿನಿಂದ ಪ್ಯಾರಾಫಿನ್ ಎಣ್ಣೆಯನ್ನು ತೆಗೆಯುವ ಪೇಟೆಂಟು ಪಡೆದ. ಆಮೇಲೆ ಕಲ್ಲೆಣ್ಣೆಯಿಂದ ಹೇರಳವಾಗಿ ಮೇಣ ಬರತೊಡಗಿತು. ಬಣ್ಣವಿಲ್ಲ, ವಾಸನೆಯಿಲ್ಲ, ಬೆಲೆ ಅಗ್ಗ. ನಂಟಸ್ತಿಕೆಯಿಲ್ಲವೆಂದು ಹೆಸರು ಪಡೆದ ಈ ಮೇಣವೇ ಪರಿಮಳದ ತೈಲಗಳನ್ನು ತನ್ನೊಳಗೆ ಕರಗಿಸಿಕೊಂಡು ಇಟ್ಟುಕೊಳ್ಳಬಲ್ಲದೆಂಬುದು ಒಂದು ಚೋದ್ಯ.

ಪಾತ್ರೆ ಈಗ ಬರಿದಾಗಿ, ಶುಭ್ರವಾಗಿ ಕುಳಿತಿತ್ತು. ಅದಕ್ಕೆ ತುಂಬುವ ಕಂಪೂ ಅದೇ ಅರ್ಧ ಶತಮಾನದಲ್ಲಿ ಅಗ್ಗವಾಯಿತು. 1868ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ ಒಣಹುಲ್ಲಿನ ಕಂಪಿನ ಕೂಮರಿನ್ನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ. 1874ರಲ್ಲಿ ಟೀಮನ್ ಮತ್ತು ಹಾರ್ಮನ್ ಎಂಬ ಜರ್ಮನರು ವೆನಿಲ್ಲದ ಸಾರವನ್ನು ಪೈನ್ ಜಾತಿಯ ಮರದ ರಸದಿಂದ ಪಡೆದರು. 1893ರಲ್ಲಿ ನೇರಳೆ ಬಣ್ಣದ ‘ವಯೊಲೆಟ್’ ಹೂವಿನ ಕಂಪನ್ನು ಹೋಲುವ ಅಯೊನೋನ್ ಬಂತು. ಈ ಅಯೊನೋನಿಗೆ ಬೇಕಾದ ಸಿಟ್ರಾಲ್ ದೊರೆಯುತ್ತಿದ್ದುದು ಕೊಚ್ಚಿಯ ಬಂದರಿನಿಂದ ಹೋಗುತ್ತಿದ್ದ ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ. ಮಲೆಯಾಳದ ಗುಡ್ಡದ ಹುಲ್ಲು ಯುರೋಪಿನ ಸುಂದರಿಯರ ಕರವಸ್ತ್ರದಲ್ಲಿ ಹೂವಾಗಿ ಅರಳಿತು. ಸಂಪಿಗೆಯಿಲ್ಲದೆ ಸಂಪಿಗೆಯ ಎಣ್ಣೆ ಮಾಡಿದ ವರಾಹಮಿಹಿರ ಇದನ್ನು ಕಂಡಿದ್ದರೆ ಹುಬ್ಬೇರಿಸುತ್ತಿರಲಿಲ್ಲ.

ಇನ್ನು ಉಳಿದದ್ದು ಒಂದೇ ತೊಡಕು: ಬತ್ತಿಗೆ ಬೆಳಕು ಕೊಡುವ ಹೊಣೆಯಿತ್ತು. ಅದನ್ನು ವಿದ್ಯುತ್ತು ಇಳಿಸಿತು. ಬೆಂಗಳೂರಿನ ಬೀದಿಯಲ್ಲಿ 1905ರಲ್ಲಿ ವಿದ್ಯುದ್ದೀಪ ಬಂತು. ಮೇಣದ ಬತ್ತಿ ಮೆಲ್ಲಮೆಲ್ಲನೆ ಕರೆಂಟು ಹೋದಾಗಿನ ಆಪದ್ಬಾಂಧವನ ಪದವಿಗೆ ಇಳಿಯಿತು. ಬೆಳಕಿನ ಕೆಲಸದಿಂದ ನಿವೃತ್ತವಾದ ಮೇಲೆಯೇ ಅದು ಪರಿಮಳದ ಕೆಲಸಕ್ಕೆ ಸೇರಿದ್ದು.

ಆ ಕೆಲಸ ನಡೆಯುವ ಕ್ರಮವನ್ನು ನಾನು ಕಂಡದ್ದು ನನ್ನ ಅಕ್ಕನ ಮಗಳ ಅಡುಗೆಮನೆಯಲ್ಲಿ. ಆಕೆ ಬಿಡುವಿನ ದಿನಗಳಲ್ಲಿ ಬತ್ತಿ ಮಾಡಿ ಪರಿಚಯದವರಿಗೆ ಮಾರುತ್ತಾಳೆ. ನೀರು ಕಾಯುವ ದೊಡ್ಡ ಪಾತ್ರೆಯೊಳಗೆ ಚಿಕ್ಕ ಪಾತ್ರೆಯಿಟ್ಟು ಮೇಣ ಕರಗಿಸಬೇಕು. ಮೇಣವನ್ನು ನೇರ ಉರಿಯ ಮೇಲೆ ಇಡುವಂತಿಲ್ಲ. 500 ಗ್ರಾಂ ಮೇಣಕ್ಕೆ 40 ಗ್ರಾಂ ಪರಿಮಳದ ತೈಲ, ಎಂದರೆ ನೂರಕ್ಕೆ ಎಂಟು. ಚಮಚೆಯ ಅಳತೆ ಕೂಡದು, ತಕ್ಕಡಿಯಲ್ಲಿ ತೂಗಬೇಕು. ಮೇಣದ ಶಾಖ 75ರಿಂದ 80 ಡಿಗ್ರಿ ಸೆಲ್ಸಿಯಸ್ಸಿನಲ್ಲಿರುವಾಗ ತೈಲ ಹೊಯ್ದು ಎರಡು ನಿಮಿಷ ನಿಧಾನವಾಗಿ ತಿರುವಬೇಕು. ಶಾಖ ತೀರ ಹೆಚ್ಚಿದ್ದರೆ ಹಗುರವಾದ ಕಂಪು ಅಲ್ಲಿಯೇ ಹಾರಿಹೋಗುತ್ತದೆ. ತೀರ ಕಡಿಮೆಯಿದ್ದರೆ ಮೇಣ ಹೆಪ್ಪುಗಟ್ಟುತ್ತ ತೈಲ ಸರಿಯಾಗಿ ಬೆರೆಯುವುದಿಲ್ಲ. “ಇನ್ನೂ ಸ್ವಲ್ಪ ಸುರಿದರೆ ಹೆಚ್ಚು ಪರಿಮಳ ಬರುವುದಿಲ್ಲವೇನಮ್ಮ?” ಎಂದು ನಾನು ಕೇಳಿದೆ. “ಇಲ್ಲ ಮಾವ, ಮೇಣ ಕುಡಿಯುವಷ್ಟೇ ಕುಡಿಯುತ್ತೆ. ಮಿಕ್ಕಿದ್ದು ಬೆವರಿನ ಹಾಗೆ ಮೇಲೆ ಬರುತ್ತೆ, ಬತ್ತಿ ಹೊಗೆಯಾಡುತ್ತೆ” ಎಂದಳು. ಪನ್ನೀರು ಹಾಕಬಹುದೆಂದು ತಿಳಿಯುವವರಿದ್ದಾರಂತೆ. ನೀರಿಗೂ ಮೇಣಕ್ಕೂ ಎಂದಿಗೂ ಕೂಡದು. ನೀರು ಹನಿಯಾಗಿ ಉಳಿದು ಉರಿಯುವಾಗ ಚಟಪಟ ಸಿಡಿಯುತ್ತದೆ. ಅಚ್ಚಿಗೆ ಹೊಯ್ದ ಮೇಲೆ ಒಂದು ವಾರವಾದರೂ ಮುಚ್ಚಿಟ್ಟು ಆಮೇಲೆ ಹೊತ್ತಿಸಿದರೆ ಕಂಪು ಹದವಾಗಿ ಬರುತ್ತದೆ. ನಮ್ಮ ಉಪ್ಪಿನಕಾಯಿಯ ಧರ್ಮವೇ ಇದಕ್ಕೂ.

ಕಂಪು ಹೊರಡುವುದು ಜ್ವಾಲೆಯಿಂದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಬತ್ತಿಯ ನೂಲಿನ ಮೂಲಕ ಏರಿದ ತೈಲ ಮೇಣದೊಡನೆ ಉರಿದುಹೋಗುತ್ತದೆ. ಜ್ವಾಲೆಯ ಸುತ್ತ ಕರಗಿ ನಿಲ್ಲುವ ಕಿರುಗೊಳವಿದೆಯಲ್ಲ, ಅದರ ಮೈಯಿಂದ ಏಳುವ ಆವಿಯೇ ಕೋಣೆಯನ್ನು ತುಂಬುವ ಪರಿಮಳ. ಆದುದರಿಂದ ಲೋಟದ ಅಂಚಿನವರೆಗೂ ಗೊಳ ಹರಡುವಂತೆ ದಾರದ ದಪ್ಪವನ್ನು ಆರಿಸಿಕೊಳ್ಳುವುದೇ ಮಾಡುವವರ ಜಾಣ್ಮೆ.

ಎಲ್ಲ ಮುಗಿದ ಮೇಲೆ ಅವಳಿಗೊಂದು ಸಂದೇಹ ಬಂತು. ಅದು ನನ್ನ ಕಸಬಿಗೆ ಸೇರಿದ್ದು. ಅವಳ ಬಳಿ ಶ್ರೀಗಂಧದ ಕಂಪಿನ ಒಂದು ತೈಲವಿತ್ತು. ಅಪ್ಪಟ ಗಂಧದೆಣ್ಣೆಯಲ್ಲ, ಕೂಡಿಸಿ ಮಾಡಿದ್ದು. 1914ರ ಯುದ್ಧದವರೆಗೆ ನಮ್ಮ ಗಂಧದ ಕೊರಡುಗಳು ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗುತ್ತಿದ್ದವು. ಯುದ್ಧದಿಂದ ಆ ದಾರಿ ಮುಚ್ಚಿದಾಗ ಮೈಸೂರು ಸರಕಾರ 1916ರಲ್ಲಿ ಬೆಂಗಳೂರಿನಲ್ಲಿಯೇ ಎಣ್ಣೆ ತೆಗೆಯತೊಡಗಿತು. ಆ ಎಣ್ಣೆಯನ್ನು ಗ್ರಾಂ ಲೆಕ್ಕದಲ್ಲಿ ಕೊಳ್ಳುವವರು ಮೇಣಕ್ಕೆ 40 ಗ್ರಾಂ ಸುರಿಯಲಾರರು. ಸುರಿದರೂ ಪ್ರಯೋಜನ ಅಷ್ಟಕ್ಕಷ್ಟೆ, ಏಕೆಂದರೆ ಅದು ನಿಧಾನವಾಗಿ ಆವಿಯಾಗುವ ಭಾರವಾದ ಎಣ್ಣೆ. ಗೊಳದಿಂದ ಬೇಗ ಏಳದು. ಹಾಗಾದರೆ ಲೋಟದ ಚೀಟಿಯ ಮೇಲೆ ‘ಶ್ರೀಗಂಧದ ಮೇಣದ ಬತ್ತಿ’ ಎಂದು ಬರೆಯಬಹುದೇ?

ಈ ಕಷ್ಟ ನಮ್ಮ ಹಿರಿಯರಿಗೂ ಬಂದಿತ್ತು. ಕನ್ನಡದಲ್ಲಿ ‘ಗಂಧ’ವೆಂದರೆ ವಾಸನೆಯೆಂಬ ಅರ್ಥ ಹಿಂದೆ ಸರಿದು, ತೇಯ್ದ ಚಂದನವೇ ಗಂಧವಾಗಿ ಕುಳಿತಿದೆ, ಸಂಸ್ಕೃತ ವ್ಯಾಕರಣ ಇನ್ನಷ್ಟು ಎಚ್ಚರದ್ದು. ಹೋಲಿಕೆಯನ್ನು ಹೇಳುವಾಗ ಸಮಾಸದ ಕೊನೆಯ ‘ಗಂಧ’ ಶಬ್ದ ‘ಗಂಧಿ’ ಎಂದಾಗಬೇಕೆಂದು ಪಾಣಿನಿ ಐದನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ಪದ್ಮಗಂಧಿಯೆಂದರೆ ತಾವರೆಯ ಕಂಪಿನಂಥ ಕಂಪುಳ್ಳದ್ದು. ಅದರಲ್ಲಿ ತಾವರೆ ಇರಬೇಕಾದ್ದಿಲ್ಲ. ವರಾಹಮಿಹಿರನು ತನ್ನ ತೈಲವನ್ನು ಚಂಪಕದ ತೈಲವೆನ್ನದೆ ಚಂಪಕಗಂಧಿ ಎಂದದ್ದು ಪ್ರಾಮಾಣಿಕನಾದ ವರ್ತಕನ ಮಾತು. ‘ಚಂದನಗಂಧಿ’ ಎಂದು ಬರೆ ಎಂದು ನಾನು ಹೇಳಿದೆ. ಕೊಳ್ಳುವವರಿಗೆ ಅರ್ಥವಾಗುವುದಿಲ್ಲವೆಂದು ಅವಳು ಒಪ್ಪಲಿಲ್ಲ. ಕೊನೆಗೆ ‘ಶ್ರೀಗಂಧದಂಥ ಕಂಪು’ ಎಂದು ಚೀಟಿ ಅಚ್ಚಾಗಿ ಬಂತು. ಅದರಲ್ಲಿ ‘ಶ್ರೀಗಂಧ’ ದೊಡ್ಡ ಅಕ್ಷರಗಳಲ್ಲಿದೆ. ‘ದಂಥ ಕಂಪು’ ಎಂಬುದನ್ನು ಓದುವುದಕ್ಕೆ ನಾನು ಕನ್ನಡಕ ಹಾಕಿಕೊಳ್ಳಬೇಕಾಯಿತು.